ವಿಷಯ: ಹಗೇವು – ಬೋರ್ಡಿಗೆ ಯಾವ ಪದ? (ಸ್ವಲ್ಪ ಅರ್ಜೆಂಟ್)

ಬಳಗಕ್ಕೆ ನಮಸ್ಕಾರ. ಬೆಳಗಾವಿ ಕಡೆ ಒಂದು ಹಳೇ ದೇಸಾಯಿ ವಾಡೆಯನ್ನು ಜನ ಬಂದು ನೋಡಲಿ ಅಂತ ತೆರೆಯುತ್ತಿದ್ದಾರೆ. ಬೋರ್ಡುಗಳ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆಯೊಳಗೆ ಪೇಂಟರ್‌ಗೆ ಕೊಡಬೇಕು.

ಅಂಗಳದಲ್ಲಿ ಸುಗ್ಗಿ ಮುಗಿದ ಮೇಲೆ ಜೋಳ ತುಂಬಿಡುತ್ತಿದ್ದ ಗುಂಡಿ ಇದೆ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಅಗಲ, ಮೇಲೆ ಕಲ್ಲುಚಪ್ಪಡಿ. ಕರಡಿನಲ್ಲಿ ‘ಭೂಗತ ಧಾನ್ಯಾಗಾರ’ ಅಂತಿದೆ. ಊರವರು ಹಗೇವು ಅನ್ನುತ್ತಾರೆ. ಬೆಂಗಳೂರಿನಿಂದ ಬರುವವರಿಗೆ ತಿಳಿಯುತ್ತಾ? ‘ನೆಲಮಾಳಿಗೆ’ ಆಗಬಹುದಾ?

ಇನ್ನೊಂದು. ಅಡುಗೆಮನೆ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಗಡಿಗೆಗಳಿವೆ. ಬೇಳೆ, ಹುಣಸೆ, ಸಂಡಿಗೆ ಇಡೋದಕ್ಕೆ. ಅದಕ್ಕೇನು ಹೆಸರು?

ಧಾರವಾಡದಿಂದ:
ಭೂಗತ ಅಂದರೆ ಪೇಪರಿನ ಪಾತಕಿಗಳು ನೆನಪಾಗುತ್ತಾರೆ. ತೆಗೆಯಿರಿ. ನೆಲಮಾಳಿಗೆ ಅಂದರೆ ಮೆಟ್ಟಿಲಿಳಿದು ಹೋಗುವ ಕೋಣೆ. ಹಗೇವಿಗೆ ಮೆಟ್ಟಿಲೆಲ್ಲಿ?

ತಳಕ್ಕೂ ಸುತ್ತಲೂ ಹುಲ್ಲು, ಹೊಟ್ಟು ಕೊಟ್ಟು ಕಾಳು ಸುರಿಯುತ್ತಿದ್ದರು. ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಗಾಳಿ ಆಡುವುದಿಲ್ಲ. ಒಳಗಿನ ಆಮ್ಲಜನಕವನ್ನು ಕಾಳೂ ಹುಳಗಳೂ ಉಸಿರಾಡಿ ಮುಗಿಸುತ್ತವೆ, ಆಮೇಲೆ ಹುಳ ಸಾಯುತ್ತವೆ. ಅದಕ್ಕೇ ತೆರೆದ ಕೂಡಲೇ ಇಳಿಯುವ ಹಾಗಿಲ್ಲ. ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಇದನ್ನು ಬೋರ್ಡಿನಲ್ಲಿ ಹಾಕಿ, ಜನ ನಿಂತು ಓದುತ್ತಾರೆ.

ಗಡಿಗೆಗಳದ್ದು ಅಡಕಲು. ‘ಅಡಕಲ ಗಡಿಗೆ’ ಅಂತ ಬರೀರಿ, ವಿವರಣೆ ಬೇಡ.

ತುಮಕೂರಿನಿಂದ:
ಹಗೇವು ಈ ಕಡೆಯವರಿಗೆ ತಿಳಿಯಲ್ಲ ಅಂದವರು ಯಾರು? ನಮ್ಮಲ್ಲಿ ರಾಗಿ ಇಡುತ್ತಿದ್ದದ್ದೇ ಹಗೇವಿನಲ್ಲಿ. ತೊಡಕಿರುವುದು ‘ವಾಡೆ’ಯಲ್ಲಿ. ನಮಗೆ ವಾಡೆ ಅಂದರೆ ಕಾಳು ತುಂಬುವ ಎತ್ತರದ ಮಣ್ಣಿನ ಗುಡಾಣ. ‘ವಾಡೆಯ ಹಗೇವು’ ಅಂತ ಬರೆದರೆ ಗುಡಾಣದೊಳಗೆ ಗುಂಡಿ ತೋಡಿದ ಹಾಗಾಯಿತು.

ಶಿವಮೊಗ್ಗದಿಂದ:
ಈ ವಾಡೆ ಮರಾಠಿಯ ವಾಡಾ. ‘ದೊಡ್ಡಮನೆ’ ಅನ್ನಿ, ಮುಗೀತು. ಹಗೇವು ಅಚ್ಚಗನ್ನಡ. ಕಿಟೆಲ್ ನಿಘಂಟಿನಲ್ಲಿ (1894) ಇದೆ. ಮರಾಠಿಯವರು ಇದೇ ಗುಂಡಿಗೆ ‘ಪೇವ್’ ಅನ್ನುತ್ತಾರೆ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು. ಹಾಗೇ ಹಗೇವು ಮೊದಲು ಪಗೇವು. ನಡುವಿನ ಗಕಾರ ಬಿದ್ದರೆ ಪೇವು. ನಮ್ಮಿಂದ ಅವರು ತಗೊಂಡಿದ್ದಾರೆ. ಅವರ ವಾಡೆಯನ್ನು ನಾವ್ಯಾಕೆ ಹೊರಬೇಕು? ಕಂದೀಲು ಕೂಡ ಅರಬ್ಬಿ. ದೀಪ ಅಂದರೆ ಸಾಕು.

ಧಾರವಾಡದಿಂದ:
‘ಪಗೇವು’ ಯಾವ ಶಾಸನದಲ್ಲಿದೆ, ತೋರಿಸಿ. ಪಕಾರ ಹಕಾರ ಆಯಿತು ಅಂತ ಎಲ್ಲ ಹಕಾರವನ್ನೂ ತಿರುಗಿಸಿ ನಿಲ್ಲಿಸೋದು ಸುಮ್ನೆ ಆಟ. ಇನ್ನು ದೀಪ. ಅದು ಸಂಸ್ಕೃತ ಸ್ವಾಮಿ. ಹಗೇವಿಗೆ ಏನು ಇಳಿಸಲಿ, ದೀಪಕ್ಕೆ ಹಳಗನ್ನಡದಲ್ಲಿದ್ದ ಸೊಡರಾ? ಆ ಮನೆಯವರೂ ಊರವರೂ ವಾಡೆ ಅನ್ನುತ್ತಿರುವಾಗ ಹೆಸರು ಬದಲಿಸಲು ನಾವು ಯಾರು?

ಶಿವಮೊಗ್ಗದಿಂದ:
ಸೊಡರಿಗೇನಾಗಿದೆ? ಒಳ್ಳೇ ಪದ. ಬಳಸದೇ ಇರೋದರಿಂದಲೇ ಸತ್ತಿದೆ. ಎರವಲು ಬೇಡ ಅಂತ ನಾನು ಹೇಳಿಲ್ಲ. ಮನೆಯಲ್ಲಿ ಇರೋದನ್ನೇ ಪಕ್ಕದ ಮನೆಯಿಂದ ಕೇಳಿ ತರಬೇಡಿ ಅಂದೆ.

ಕೇಳಿದವರು:
ಸೊಡರನ್ನು ಆಮೇಲೆ ಇಳಿಸಿ. ಬೋರ್ಡಿಗೆ ಹೀಗೆ ಬರೆದಿದ್ದೇನೆ: ‘ಹಗೇವು: ಜೋಳ ತುಂಬಿಡುತ್ತಿದ್ದ ನೆಲಗುಂಡಿ’. ಕೆಳಗೆ ಎರಡು ಸಾಲು ಕಂದೀಲಿನ ಸಂಗತಿ. ಕಂದೀಲು ಅಂತಲೇ. ಬಾಗಿಲ ಹಲಗೆಯಲ್ಲಿ ವಾಡೆ ಹಾಗೇ ಇರುತ್ತದೆ. ಅಡಕಲಿಗೆ ಥ್ಯಾಂಕ್ಸ್, ಆ ಪದ ನನಗೆ ಹೊಳೆದೇ ಇರಲಿಲ್ಲ.

ತುಮಕೂರಿನಿಂದ:
ಬರೀ ಜೋಳ ಬೇಡ, ‘ಬಿಳಿಜೋಳ’ ಅಂತ ಹಾಕಿ. ಈ ಕಡೆ ಮಕ್ಕಳು ಜೋಳ ಅಂದ್ರೆ ಮುಸುಕಿನ ಜೋಳ ಅಂದುಕೊಳ್ಳುತ್ತಾರೆ. ಪೇಂಟರ್ ಬಣ್ಣ ಕಲಸೋ ಮುಂಚೆ ತಿದ್ದಿಬಿಡಿ.