ಪಕ್ಕದ ತೋಟಕ್ಕೆ ಬಂದ ಹೂಮಳೆ ನಮಗೇಕೆ ಬರಲಿಲ್ಲ?

ಪ್ರಶ್ನೆ (ಸಿದ್ದಾಪುರದ ಬೆಳೆಗಾರರು): ಸರ್, ನಾಲ್ಕು ದಿನಗಳಿಂದ ಕೊಡಗಿಗೆ ಗುಡುಗು ಮಳೆಯ ಹಳದಿ ಎಚ್ಚರಿಕೆ ಇದೆ. ಮೊನ್ನೆ ಸಂಜೆ ಎರಡು ಮೈಲಿ ಆಚೆಯ ತೋಟಕ್ಕೆ ಒಂದು ಇಂಚು ಹತ್ತು ಸೆಂಟ್ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಮಳೆ ಬಿತ್ತು, ನಮ್ಮ ಮಳೆಮಾಪಕದ ತಳವೂ ನೆನೆಯಲಿಲ್ಲ. ರೊಬಸ್ಟಾ ಕಾಫಿಯ ಮೊಗ್ಗು ಬಲಿತು, ಅರಳಿಸುವ ಹೂಮಳೆಗೆ ಕಾದು ನಿಂತಿದೆ. ಕಾಯಲೇ, ಸ್ಪ್ರಿಂಕ್ಲರ್ ಹಾಕಲೇ?

ಉತ್ತರ (ಹವಾಮಾನ ಮುನ್ಸೂಚಕರು): ಕೆರೆಯಲ್ಲಿ ನೀರಿದ್ದರೆ ಹಾಕಿಬಿಡಿ. ಮುನ್ಸೂಚನೆ ಇಡೀ ಜಿಲ್ಲೆಗೆ ಕೊಟ್ಟದ್ದು, ನಿಮ್ಮ ತೋಟಕ್ಕಲ್ಲ. ‘ಒಂದೆರಡು ಕಡೆ’ ಮಳೆ ಎಂದು ಹವಾಮಾನ ಇಲಾಖೆ ಹೇಳಿದರೆ, ಹೆಚ್ಚೆಂದರೆ ನಾಲ್ಕು ಮಳೆಮಾಪನ ಕೇಂದ್ರಗಳಲ್ಲಿ ಒಂದಕ್ಕೆ ಮಳೆ ಎಂದರ್ಥ. ಉಳಿದ ಮೂರು ಒಣಗಿದ್ದರೂ ಮುನ್ಸೂಚನೆ ಸರಿಯೇ.

ಮಾರ್ಚ್‌ನಿಂದ ಮೇವರೆಗಿನ ಮಳೆಯ ಸ್ವಭಾವವೇ ಹಾಗೆ. ಮಧ್ಯಾಹ್ನದವರೆಗೆ ನೆಲ ಕಾಯುತ್ತದೆ, ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತುತ್ತದೆ, ಮೇಲಿನ ಗಾಳಿ ತಣ್ಣಗಿದ್ದರೆ ಮೋಡ ಗೋಪುರದಂತೆ ಏಳುತ್ತದೆ. ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರ್, ಆಯುಷ್ಯ ಸುಮಾರು ಒಂದು ಗಂಟೆ. ಎಸರು ಕುದಿಯುತ್ತದೆ ಎಂದು ನಾವು ಹಿಂದಿನ ದಿನವೇ ಹೇಳಬಲ್ಲೆವು. ಮೊದಲ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹೇಳಲಾರೆವು. ಜೂನ್‌ನ ಮುಂಗಾರಿನಂತೆ ಇದು ಜಿಲ್ಲೆಯನ್ನೆಲ್ಲ ಹೊದೆಯುವ ಮಳೆಯಲ್ಲ.

ಇನ್ನೊಂದು ಮಾತು. ಇಪ್ಪತ್ತು ಸೆಂಟ್‌ನಷ್ಟು ಮಾತ್ರ ಬಿದ್ದರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾದರೆ ತಡಮಾಡದೆ ನೀರು ಕೊಟ್ಟು ಇಂಚು ತುಂಬಿಸಿ.

ಪ್ರಶ್ನೆ (ಅವರೇ): ಹಾಗೆಯೇ ಮಾಡುತ್ತೇನೆ. ಕಾಳುಮೆಣಸಿನ ಕುಯ್ಲೂ ನಡೆದಿದೆ. ಆಳುಗಳನ್ನು ಯಾವಾಗ ಇಳಿಸಬೇಕು?

ಉತ್ತರ: ನಿಜಕ್ಕೂ ನನಗೆ ಚಿಂತೆ ಇರುವುದು ಇದರದೇ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಅಲ್ಯೂಮಿನಿಯಂ ಏಣಿಯ ಮೇಲೆ ಮನುಷ್ಯ ನಿಂತಿರುತ್ತಾನೆ. ಸಿಡಿಲಿಗೆ ಅದಕ್ಕಿಂತ ಸುಲಭದ ದಾರಿ ಬೇಕೇ? ಬೆಳಗಿನ ಮುನ್ಸೂಚನೆ ನೋಡಿ ಕೆಲಸ ಹಂಚಿ, ಆದರೆ ಮಧ್ಯಾಹ್ನದ ನಂತರ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಕೊಡುವ ಮುನ್ಸೂಚನೆಯನ್ನೂ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪನ್ನೂ ನೋಡುತ್ತಿರಿ. ಹೂಕೋಸಿನಂತೆ ಉಬ್ಬಿದ ಮೋಡದ ತಲೆ ಚಪ್ಪಟೆಯಾಗುತ್ತಿದೆಯೇ, ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿತೇ, ಕಾಯಬೇಡಿ. ಮರದ ಕೆಳಗೆ ನೆಟ್‌ವರ್ಕ್ ಸಿಗದಿದ್ದರೆ ಕಿವಿಯೇ ಸಾಕು: ಮಿಂಚಿದ ಮೇಲೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಲೈನ್‌ಮನೆಯೊಳಗೆ (ತೋಟದ ಆಳುಗಳ ವಸತಿ) ಇರಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಬರುವುದು ಬೇಡ. ಮಳೆ ಶುರುವಾಗಲಿ ಎಂದು ಕಾಯುವುದೂ ಬೇಡ, ಹನಿ ಬೀಳುವ ಮೊದಲೇ ಸಿಡಿಲು ಬಡಿಯಬಹುದು.

ಏಣಿಯನ್ನು ಹೊತ್ತುಕೊಂಡು ಬನ್ನಿ ಎಂದು ಮಾತ್ರ ಹೇಳಬೇಡಿ. ಅಲ್ಲೇ ಬಿಟ್ಟು ಬರಲಿ.