ಹತ್ತಿದೆ, ಆದರೆ ಎದ್ದಿಲ್ಲ: ‘ಬೂಟ್ ಆಗು’ ಎಂಬ ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ

ಪದಬಲ್ಲ ಗೆಳೆಯರಿಗೆ ಇಳಕಲ್ಲಿನಿಂದ ನಮಸ್ಕಾರ.

ವಿಜಯಪುರದಲ್ಲಿ ಓದುತ್ತಿರುವ ನನ್ನ ಸೋದರಳಿಯ ಕಳೆದ ವಾರ ಫೋನ್ ಮಾಡಿದ. ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಅದರಲ್ಲಿದ್ದದ್ದನ್ನೆಲ್ಲ ಅಳಿಸಿ, ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು (ವಿಂಡೋಸಿನಂತೆ ಗಣಕವನ್ನು ನಡೆಸುವಂಥದ್ದು) ಹಾಕಿದ್ದ. “ಮಾಮಾ, ಇನ್‌ಸ್ಟಾಲ್ ಎಲ್ಲ ಸರಿಯಾಗಿ ಮುಗಿಯಿತು. ಈಗ ಬೂಟ್ ಆಗುತ್ತಿಲ್ಲ” ಎಂದ. ಫೋನಿನ ಸ್ಪೀಕರ್ ಹಚ್ಚಿಟ್ಟಿದ್ದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ತಾಯಿ, “ಬೆಳೆಯುವ ಹುಡುಗ, ಒಂದು ನಂಬರ್ ದೊಡ್ಡದನ್ನೇ ಕೊಳ್ಳಬೇಕಿತ್ತು” ಎಂದರು.

ಅವರು ಅರ್ಥ ಮಾಡಿಕೊಂಡಿದ್ದರಲ್ಲಿ ತಪ್ಪೇನೂ ಇಲ್ಲ. ಅಂಗಿ ಆಗುತ್ತಿಲ್ಲ, ಬಳೆ ಆಗುತ್ತಿಲ್ಲ, ಬೂಟು ಆಗುತ್ತಿಲ್ಲ ಎಂದರೆ ಕನ್ನಡದಲ್ಲಿ ಅಳತೆ ಹೊಂದುತ್ತಿಲ್ಲ ಎಂದೇ ಅರ್ಥ. ಇದು ಕಾಲಿನ ಬೂಟಲ್ಲ, ಹಚ್ಚಿದ ಕಂಪ್ಯೂಟರ್ ಕೆಲಸಕ್ಕೆ ಸಿದ್ಧವಾಗಿ ಬರುವುದು ಎಂದು ಅವರಿಗೆ ತಿಳಿಸಿ ಹೇಳಲು ಅರ್ಧ ನಿಮಿಷ ಸಾಕಾಯಿತು. ಅದೇ ಎರಡು ಪದಗಳನ್ನು ನಾನು ತಪ್ಪಾಗಿ ತಿಳಿದುಕೊಂಡಿದ್ದೇನೆ ಎಂದು ಗೊತ್ತಾಗಲು ಎರಡು ಸಂಜೆಗಳು ಬೇಕಾದವು. ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ನಡೆದದ್ದು ಹೀಗೆ. ಪರದೆಯ ಮೇಲೆ ಏನು ಬರುತ್ತಿದೆ ಎಂದು ಕೇಳಿದೆ. ಕಪ್ಪು ಪರದೆ, ಅದರಲ್ಲಿ ‘ನೋ ಬೂಟೆಬಲ್ ಡಿವೈಸ್’ ಎಂಬ ಒಂದೇ ಸಾಲು ಎಂದ. ಪೆನ್‌ಡ್ರೈವ್ ಹಾಕಿ ನೋಡು ಎಂದೆ. “ಹಾಕಿದರೆ ಬೂಟ್ ಆಗುತ್ತದೆ” ಎಂದ. ಪೆನ್‌ಡ್ರೈವಿನಲ್ಲಿರುವ ಇನ್‌ಸ್ಟಾಲರಿನ ಮೆನು ಬರುತ್ತಿದೆ ಎಂದು ನಾನು ತಿಳಿದುಕೊಂಡೆ. ಮೊದಲ ಸಂಜೆಯೆಲ್ಲ ಬಯೋಸ್ (ಯಂತ್ರದ ಚಿಪ್ಪಿನಲ್ಲೇ ಇದ್ದು, ಹಚ್ಚಿದೊಡನೆ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗಿನಲ್ಲಿ ಕಳೆಯಿತು: ಡಿಸ್ಕಿನ ಸರದಿ ಬದಲಿಸು, ಹಳೆಯ ಕ್ರಮಕ್ಕೆ ತಿರುಗಿಸು, ಮತ್ತೆ ನೋಡು. ಎರಡನೆಯ ಸಂಜೆ, ಪೆನ್‌ಡ್ರೈವಿನ ಮೆನುವಿನಲ್ಲಿ ರೆಸ್ಕ್ಯೂ ಎಂಬ ಆಯ್ಕೆ ಇರುತ್ತದೆ, ಅದನ್ನು ಆರಿಸು ಎಂದೆ. ಅಂಥದ್ದು ಇಲ್ಲ ಎಂದ. ಸರಿಯಾಗಿ ನೋಡು ಎಂದು ನಾನು ದನಿ ಏರಿಸಿದೆ. ಇಲ್ಲವೇ ಇಲ್ಲ ಎಂದು ಅವನೂ ಏರಿಸಿದ.

ಫೋನು ಇಡುವ ಮುನ್ನ ನನ್ನ ಬಾಯಿಂದ ಬೇರೊಂದು ಮಾತು ಬಂತು. “ಪೆನ್‌ಡ್ರೈವ್ ಹಾಕಿದಾಗ ಏಳುವುದು ಯಾವುದು?”

“ನಾನು ಹಾಕಿದ ಡೆಬಿಯನ್ನೇ ಏಳುತ್ತದೆ, ಮಾಮಾ. ನನ್ನ ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಪೆನ್‌ಡ್ರೈವ್ ಕಿತ್ತುಬಿಟ್ಟರೆ ಮತ್ತೆ ಏನೂ ಏಳುವುದಿಲ್ಲ.”

ಅಷ್ಟರಲ್ಲಿ ಎಲ್ಲ ಬಿಡಿಸಿಹೋಯಿತು. ಗ್ರಬ್ ಎಂಬ ಬೂಟ್‌ಲೋಡರನ್ನು, ಅಂದರೆ ವ್ಯವಸ್ಥೆಯನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮನ್ನು, ಎಲ್ಲಿ ಬರೆಯಬೇಕು ಎಂದು ಇನ್‌ಸ್ಟಾಲರ್ ಕೊನೆಗೆ ಕೇಳುತ್ತದೆ. ಎಸ್‌ಡಿಎ, ಎಸ್‌ಡಿಬಿ ಎಂದು ಎರಡು ಡಿಸ್ಕುಗಳ ಹೆಸರುಗಳು ಕಂಡಿವೆ, ಹುಡುಗ ಒಂದನ್ನು ಒತ್ತಿದ್ದಾನೆ, ಅದು ಪೆನ್‌ಡ್ರೈವಾಗಿತ್ತು. ಹಾಗಾಗಿ ಡೆಬಿಯನ್ ಪೂರ್ತಿಯಾಗಿ ಡಿಸ್ಕಿನಲ್ಲಿ ಕುಳಿತಿದೆ, ಅದನ್ನು ಎಬ್ಬಿಸುವುದು ಮಾತ್ರ ಪೆನ್‌ಡ್ರೈವಿನಲ್ಲಿದೆ. ಹಳೆಯ ಬಯೋಸ್ ಯಂತ್ರಗಳಲ್ಲಿ ಇದು ಅನೇಕರಿಗೆ ಆಗುವ ತಪ್ಪು. ಪರಿಹಾರವೂ ಚಿಕ್ಕದು. ಪೆನ್‌ಡ್ರೈವ್ ಹಾಕಿಕೊಂಡೇ ಡೆಬಿಯನ್ನನ್ನು ಎಬ್ಬಿಸಿ, ಯಾವ ಹೆಸರು ಯಾವ ಡಿಸ್ಕಿನದು ಎಂಬುದನ್ನು ಗಾತ್ರದ ಮೇಲೆ ಗುರುತಿಸಿ (ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಪಟ್ಟಿಯನ್ನು ಕೊಡುತ್ತದೆ, 320 ಜಿಬಿಯದು ಡಿಸ್ಕು, 16ರದು ಪೆನ್‌ಡ್ರೈವು), ಗ್ರಬ್-ಇನ್‌ಸ್ಟಾಲ್ ಆಜ್ಞೆಗೆ ಡಿಸ್ಕಿನ ಹೆಸರು ಕೊಟ್ಟು, ಆಮೇಲೆ ಅಪ್‌ಡೇಟ್-ಗ್ರಬ್ ಎಂದರೆ ಮುಗಿಯಿತು. ಹೆಸರಿನ ಕೊನೆಗೆ ವಿಭಾಗದ ಅಂಕಿಯನ್ನು ಸೇರಿಸಬಾರದು, ಇಡೀ ಡಿಸ್ಕಿನ ಹೆಸರನ್ನೇ ಕೊಡಬೇಕು. ಪೆನ್‌ಡ್ರೈವ್ ತೆಗೆದಿಟ್ಟು ಮತ್ತೆ ಹಚ್ಚಿದ. ಎದ್ದಿತು.

ಈಗ ಪದಕ್ಕೆ ಬರುತ್ತೇನೆ. ‘ಬೂಟ್ ಆಗುತ್ತಿಲ್ಲ’ ಎಂಬ ಮಾತಿನಲ್ಲಿ ಕರ್ತೃ ಇಲ್ಲ. ಯಾವುದು ಬೂಟ್ ಆಗುತ್ತಿಲ್ಲ, ಯಾವುದರಿಂದ ಆಗಬೇಕಿತ್ತು ಎಂಬುದನ್ನು ಆ ಕ್ರಿಯಾಪದ ಕೇಳುವುದೇ ಇಲ್ಲ. ‘ಬೂಟ್ ಮಾಡು’ ಎಂದರೂ ಅಷ್ಟೆ, ಮಾಡುವವರು ಯಾವಾಗಲೂ ನಾವೇ ಎಂದಾಗುತ್ತದೆ. ಕನ್ನಡದ ‘ಏಳು’ ಮತ್ತು ‘ಎಬ್ಬಿಸು’ ಜೋಡಿ ಹಾಗಲ್ಲ. ಎದ್ದದ್ದು ಯಾವುದು, ಎಬ್ಬಿಸಿದ್ದು ಯಾವುದು ಎಂದು ಕೇಳದೆ ಮನಸ್ಸು ಬಿಡುವುದಿಲ್ಲ. ಗಣಕದೊಳಗೆ ನಡೆಯುವುದೂ ಇದೇ, ಒಂದು ಇನ್ನೊಂದನ್ನು ಎಬ್ಬಿಸುವ ಕೆಲಸ. ವಿದ್ಯುತ್ ಬಂದೊಡನೆ ಫರ್ಮ್‌ವೇರ್ (ಬಯೋಸ್ ಅದರ ಒಂದು ಬಗೆ) ಏಳುತ್ತದೆ. ಅದು ಗ್ರಬ್ಬನ್ನು ಎಬ್ಬಿಸುತ್ತದೆ. ಗ್ರಬ್, ಲಿನಕ್ಸಿನ ತಿರುಳಾದ ಕರ್ನೆಲನ್ನು ಎಬ್ಬಿಸುತ್ತದೆ. ಕರ್ನೆಲ್, 1 ಎಂಬ ಕ್ರಮಸಂಖ್ಯೆಯ ಮೊದಲ ಪ್ರೋಗ್ರಾಮನ್ನು ಎಬ್ಬಿಸುತ್ತದೆ, ಉಳಿದವರನ್ನೆಲ್ಲ ಎಬ್ಬಿಸುವುದು ಅದರ ಹೊಣೆ. ಹೊಸದಾಗಿ ಲಿನಕ್ಸ್ ಹಾಕಿದ ಯಂತ್ರ ಕೈಕೊಟ್ಟಾಗ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಯಾವುದನ್ನು ಎಬ್ಬಿಸಲಿಲ್ಲ?

ನಮ್ಮ ಭಾಗದ ಇನ್ನೊಂದು ಕ್ರಿಯಾಪದ ಇದಕ್ಕೆ ಒದಗಿಬರುತ್ತದೆ, ಅದು ‘ಹತ್ತು’. ದೀಪ ಹತ್ತುತ್ತದೆ, ಒಲೆ ಹತ್ತುತ್ತದೆ. ಬೆಂಗಳೂರಿನ ಕಡೆ ಫ್ಯಾನ್ ಹಾಕು ಎನ್ನುವಲ್ಲಿ ಬಾಗಲಕೋಟೆ, ವಿಜಯಪುರದ ಕಡೆ ಫ್ಯಾನ್ ಹಚ್ಚು ಎನ್ನುತ್ತೇವೆ. ಕಂಪ್ಯೂಟರನ್ನೂ ಹಚ್ಚುತ್ತೇವೆ. ಹಾಗಾಗಿ ‘ಹತ್ತಿದೆ, ಆದರೆ ಎದ್ದಿಲ್ಲ’ ಎಂದು ಇಲ್ಲಿಯ ಯಾರಿಗೆ ಹೇಳಿದರೂ ಚಿತ್ರ ಕಣ್ಣಿಗೆ ಕಟ್ಟುತ್ತದೆ: ದೀಪ ಉರಿಯುತ್ತಿದೆ, ಫ್ಯಾನ್ ತಿರುಗುತ್ತಿದೆ, ಒಳಗಿನದು ಎಚ್ಚೆತ್ತು ಬಂದಿಲ್ಲ. ಹತ್ತಲೇ ಇಲ್ಲ ಎಂದರೆ ತೊಂದರೆ ಲಿನಕ್ಸಿನದಲ್ಲ. ಚಾರ್ಜರ್, ಬ್ಯಾಟರಿ, ಮೆಮೊರಿ ಇವುಗಳ ಕಡೆ ನೋಡಬೇಕು. ಈ ಒಂದು ಭೇದವನ್ನು ‘ಚಾಲೂ ಆಗುತ್ತಿಲ್ಲ’ ಎಂಬ ಮಾತು ಅಳಿಸಿಹಾಕುತ್ತದೆ, ‘ಆರಂಭವಾಗುತ್ತಿಲ್ಲ’ ಎಂಬುದೂ ಅಳಿಸಿಹಾಕುತ್ತದೆ. ಆರಂಭ ಎಂಬುದನ್ನು ಪ್ರತಿಯೊಂದು ತಂತ್ರಾಂಶ ತೆರೆಯುವುದಕ್ಕೂ ಬಳಸುವುದರಿಂದ ಅದು ನನಗೆ ಎಲ್ಲಕ್ಕಿಂತ ಸಡಿಲವಾಗಿ ತೋರುತ್ತದೆ.

ಬೂಟ್ ಎಂಬ ಇಂಗ್ಲಿಷ್ ಪದದ ಮೂಲವನ್ನು ಬಲ್ಲವರು ಇಲ್ಲಿ ಬಹಳ ಮಂದಿ ಇದ್ದೀರಿ. ಆದರೂ ಮುಂದಿನ ಮಾತಿಗೆ ಬೇಕಾಗಿರುವುದರಿಂದ ಎರಡು ಸಾಲು. ಬೂಟಿನ ಹಿಂಬದಿಯಲ್ಲಿ ಕಾಲು ತೂರಿಸಲು ಎಳೆದು ಹಿಡಿಯುವ ಪಟ್ಟಿ ಬೂಟ್‌ಸ್ಟ್ರಾಪ್. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸದ ನುಡಿಗಟ್ಟಿನಿಂದ ಪದ ಗಣಕಕ್ಕೆ ಬಂತು. ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತರುವುದು ಯಾವುದು? 1975ರ ಆಲ್ಟೇರ್ 8800 ಯಂತ್ರದಲ್ಲಿ ಆ ಮೊದಲ ಆದೇಶಗಳನ್ನು ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಕೈಯಿಂದಲೇ ತುಂಬಬೇಕಿತ್ತು. ನಂತರ ಆ ಕೆಲಸ ಚಿಪ್ಪಿನೊಳಗೆ ಸೇರಿತು. ಹಳೆಯ ಕ್ರಮದಲ್ಲಿ ಬಯೋಸ್ ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಮಾತ್ರ ಓದುತ್ತದೆ. ಅದರಲ್ಲೂ 64 ಬೈಟ್ ವಿಭಾಗಗಳ ಪಟ್ಟಿಗೆ, ಕೊನೆಯ 2 ಗುರುತಿಗೆ, ಎಬ್ಬಿಸುವ ಆದೇಶಗಳಿಗೆ ಉಳಿಯುವುದು 446. ಅಷ್ಟರಲ್ಲಿ ಒಂದು ಕಾರ್ಯಾಚರಣ ವ್ಯವಸ್ಥೆ ಎಲ್ಲಿ ಹಿಡಿಸೀತು? ಆ ಸಣ್ಣ ತುಂಡು ತನಗಿಂತ ದೊಡ್ಡ ತುಂಡನ್ನು ಎಳೆದು ತರುತ್ತದೆ, ಅದು ಇನ್ನೂ ದೊಡ್ಡದನ್ನು. ಬಯೋಸಿನ ಜಾಗದಲ್ಲಿ ಯುಇಎಫ್‌ಐ ಎಂಬ ಫರ್ಮ್‌ವೇರ್ ಇರುವ ಹೊಸ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಚಿಕ್ಕ ವಿಭಾಗ, ಅದರಲ್ಲಿ ಒಂದು ಕಡತ ಇರುತ್ತದೆ. ಅಲ್ಲಿ ಇಕ್ಕಟ್ಟು ಕಡಿಮೆ.

ಈ ಬೂಟ್‌ಲೋಡರಿಗೆ ಕನ್ನಡದಲ್ಲಿ ಏನನ್ನಬೇಕು? ಮೊದಲು ಹೊಳೆದದ್ದು ‘ಹೆಪ್ಪು’. ಮೊಸರು ಮಾಡಲು ಮೊಸರೇ ಬೇಕು, ಒಂದು ಚಮಚೆ ಸಾಕು, ಪಾತ್ರೆ ತುಂಬ ಹಾಲು ಅದರಿಂದ ಮೊಸರಾಗುತ್ತದೆ. ಬೂಟಿನ ಪಟ್ಟಿಗಿಂತ ಇದು ಎಷ್ಟೋ ನಿಜವಾದ ಉಪಮೆ, ಏಕೆಂದರೆ ಇದು ದಿನವೂ ಮನೆಯಲ್ಲಿ ಆಗುವಂಥದ್ದು. ಬಹಳ ಹೊತ್ತು ಇದನ್ನೇ ಹಿಡಿದುಕೊಂಡಿದ್ದೆ. ಆದರೆ ‘ಹೆಪ್ಪುಗಟ್ಟು’ ಎಂದರೆ ಗಣಕದ ಮಾತಿನಲ್ಲಿ ಅಲುಗಾಡದೆ ನಿಂತುಬಿಡುವುದು. ಹೆಪ್ಪು ಹಾಕಿದ್ದರಿಂದ ಎದ್ದಿತು, ಆಮೇಲೆ ಹೆಪ್ಪುಗಟ್ಟಿತು ಎಂದು ಬರೆಯಬೇಕಾದರೆ ಓದುವ ಹುಡುಗನ ಗತಿ ಏನು? ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಎರಡನೆಯದನ್ನು ನನ್ನ ತಾಯಿಯೇ ಕೊಟ್ಟರು. ಅವರು ಹುಟ್ಟಿ ಬೆಳೆದದ್ದು ಕುಣಿಮಗ್ಗದ ಮನೆಯಲ್ಲಿ. ಒಂದು ಸಣ್ಣ ತುಂಡು ದೊಡ್ಡದನ್ನು ಎಳೆದು ತರುತ್ತದೆ ಎಂದು ನಾನು ವಿವರಿಸುತ್ತಿದ್ದಾಗ, “ಕೆಚ್ಚುವುದಲ್ಲವೇ ಅದು” ಎಂದರು. ಮಗ್ಗದಲ್ಲಿ ಒಂದು ಹಾಸು (ಉದ್ದಕ್ಕೆ ಹೂಡಿದ ಎಳೆಗಳು) ಮುಗಿದಾಗ, ಆ ಎಳೆಗಳು ಹಾದು ಬರುವ ಹಣಿಗೆಯನ್ನು ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಅದರಲ್ಲೇ ಉಳಿಸಿ, ಒಂದೊಂದು ಹಳೆಯ ಎಳೆಗೆ ಒಂದೊಂದು ಹೊಸ ಎಳೆಯನ್ನು ಬೆರಳಿನಲ್ಲಿ ಹೊಸೆದು ಸೇರಿಸುತ್ತಾರೆ. ಆಮೇಲೆ ಎಳೆದರೆ ಹಳೆಯದರ ಬೆನ್ನು ಹಿಡಿದು ಸಾವಿರಾರು ಹೊಸ ಎಳೆಗಳು ತಮ್ಮ ತಮ್ಮ ಸಂದಿನಲ್ಲಿ ಹಾದು ಬರುತ್ತವೆ. (ಸೆರಗಿನ ಹಾಸನ್ನು ಮೈಯ ಹಾಸಿನೊಂದಿಗೆ ಕೊಂಡಿ ಕೊಂಡಿಯಾಗಿ ಕೂಡಿಸುವ ಇಳಕಲ್ ಸೀರೆಯ ಕೆಲಸ ಬೇರೆ, ಅದನ್ನು ನಾನು ಹೇಳುತ್ತಿಲ್ಲ.) ಸೋದರಳಿಯನಿಗೆ ಆದದ್ದನ್ನು ಇದರಲ್ಲಿ ಹೇಳಿದರೆ, ಹಾಸು ಒಂದು ಮಗ್ಗದಲ್ಲಿ, ಕೆಚ್ಚಿದ ತುದಿ ಇನ್ನೊಂದು ಮಗ್ಗದಲ್ಲಿ. ತಾಯಿಗೆ ಒಡನೆಯೇ ಅರ್ಥವಾಯಿತು. “ಹಾಗಾದರೆ ನೇಯುವುದು ಹೇಗೆ?” ಎಂದರು.

ಕೆಚ್ಚು ಎಂದರೆ ಮರದ ತಿರುಳು, ಕೆಚ್ಚೆದೆ, ಹಸುವಿನ ಕೆಚ್ಚಲು ಎಲ್ಲ ನೆನಪಾಗುತ್ತವೆ ಎಂಬ ಆಕ್ಷೇಪ ಬರಬಹುದು. ಅದು ನನಗೆ ದೊಡ್ಡ ಅಡ್ಡಿ ಅನ್ನಿಸುವುದಿಲ್ಲ. ನನ್ನ ಅಂಜಿಕೆ ಬೇರೆ: ನೇಕಾರಿಕೆ ಕಾಣದ ಊರಿನ ಹುಡುಗರಿಗೆ ‘ಬೂಟ್‌ಲೋಡರ್’ ಎಷ್ಟು ಅಪರಿಚಿತವೋ ‘ಕೆಚ್ಚು’ ಕೂಡ ಅಷ್ಟೇ ಅಪರಿಚಿತ. ಓದುಗ, ಕೇಳುಗ ಎಂಬಂತೆ ‘ಎಬ್ಬಿಸುಗ’ ಎಂದು ಕಟ್ಟಬಹುದು, ಬಾಯಿಗೆ ಮಾತ್ರ ಒಗ್ಗುತ್ತಿಲ್ಲ. ಸದ್ಯಕ್ಕೆ ನಾಮಪದ ಬೂಟ್‌ಲೋಡರ್ ಎಂದೇ ಇರಲಿ, ಕ್ರಿಯಾಪದ ಕನ್ನಡದ್ದಾಗಲಿ ಎಂಬ ಕಡೆ ನಾನು ವಾಲಿದ್ದೇನೆ. ವಾಕ್ಯವನ್ನು ನಡೆಸುವುದು ಕ್ರಿಯಾಪದ.

ಹುಡುಗನ ಗೆಳೆಯರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಈ ಪದಗಳನ್ನು ಅದರಲ್ಲಿ ಹೀಗೆ ಬಳಸಿದ್ದೇನೆ, ತಿದ್ದಿ. ‘ನೋ ಬೂಟೆಬಲ್ ಡಿವೈಸ್’ ಎಂದು ಬಂದರೆ: ಫರ್ಮ್‌ವೇರ್ ಎದ್ದಿದೆ, ಎಬ್ಬಿಸಲು ಅದಕ್ಕೆ ಯಾವುದೂ ಸಿಕ್ಕಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತರೆ: ಗ್ರಬ್ ಅರ್ಧ ಎದ್ದಿದೆ, ತನ್ನದೇ ಉಳಿದ ಭಾಗ ಅದಕ್ಕೆ ಸಿಕ್ಕಿಲ್ಲ. ‘ಕರ್ನೆಲ್ ಪ್ಯಾನಿಕ್’ ಎಂದು ಬಂದು ರೂಟ್ (ವ್ಯವಸ್ಥೆಯ ಕಡತಗಳಿರುವ ಮೂಲ ಜಾಗ) ಸಿಗಲಿಲ್ಲ ಎಂಬ ಸಾಲಿದ್ದರೆ: ಕರ್ನೆಲ್ ಎದ್ದಿದೆ, ಕಾಲೂರಲು ನೆಲ ಸಿಕ್ಕಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದಿದ್ದರೂ ಹೀಗಾಗುತ್ತದೆ. ಡಿಸ್ಕನ್ನು ತೆರೆಯಲು ಬೇಕಾದ ಸಾಮಾನುಗಳನ್ನು ಕಟ್ಟಿಕೊಟ್ಟ ಗಂಟು ಅದು, ಡಿಸ್ಕು ಸಿಗುವವರೆಗೆ ಕರ್ನೆಲಿಗೆ ಅದೇ ಆಧಾರ. ಅದನ್ನು ‘ಬುತ್ತಿ’ ಎಂದು ಕರೆದಿದ್ದೇನೆ. ಈ ಪದದ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ, ಇಷ್ಟು ಹದವಾಗಿ ಕೂತ ಪದ ಇನ್ನೊಂದು ಸಿಕ್ಕಿಲ್ಲ. ಕೊನೆಯದು, ಎಲ್ಲ ಮುಗಿದು ಪರದೆ ಕಪ್ಪಾಗಿಯೇ ಉಳಿದರೆ: ಎದ್ದಿದೆ, ಮುಖ ತೋರಿಸುತ್ತಿಲ್ಲ. ಅದು ಗ್ರಾಫಿಕ್ಸಿನ ತೊಡಕು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಸೇರಿಸಿದರೆ ಹೆಚ್ಚಿನ ಸಲ ಮುಖ ಕಾಣುತ್ತದೆ.

ನನ್ನನ್ನು ಕಾಡುತ್ತಿರುವ ತೊಡಕುಗಳು ಮೂರು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಾಗ ಅದು ಮಲಗುತ್ತದೆ, ತೆಗೆದಾಗ ಏಳುತ್ತದೆ ಎಂದು ಈಗಾಗಲೇ ಹೇಳುತ್ತೇವೆ. ಅದು ಬೂಟ್ ಅಲ್ಲ. ಅದಕ್ಕೆ ‘ಎಚ್ಚರವಾಗು’ ಎಂದು ಬೇರೆ ಮಾಡಿದರೆ ನಿಲ್ಲುತ್ತದೆಯೇ? ಎಚ್ಚರವಾಗಿದೆ, ಇನ್ನೂ ಎದ್ದಿಲ್ಲ ಎಂಬ ಭೇದ ಕನ್ನಡದಲ್ಲಿ ಮೊದಲಿನಿಂದ ಇದ್ದೇ ಇದೆ. ಎರಡನೆಯದು, ‘ಹತ್ತು’, ‘ಏಳು’ ಎರಡೂ ಸಂಖ್ಯೆಗಳೂ ಹೌದು. ವಾಕ್ಯದಲ್ಲಿ ಗೊಂದಲವಿಲ್ಲ, ಆದರೆ ಮೆನುವಿನಲ್ಲಿ ಒಂಟಿಯಾಗಿ ‘ಏಳು’ ಎಂದು ಬರೆದರೆ 7 ಎಂದೇ ಓದುತ್ತಾರೆ. ಅಲ್ಲಿ ‘ಎಬ್ಬಿಸು’ ಎಂಬ ರೂಪವನ್ನೇ ಬಳಸಬೇಕೇ? ಮೂರನೆಯದು ‘ಬೂಟೆಬಲ್’. ಎಬ್ಬಿಸಬಲ್ಲ ಪೆನ್‌ಡ್ರೈವ್ ಎಂದರೆ ಅದು ಎಬ್ಬಿಸುತ್ತದೆ ಎಂದಾಗುತ್ತದೆ, ನಿಜಕ್ಕೂ ಅದರ ಮೂಲಕ ನಾವು ಎಬ್ಬಿಸುತ್ತೇವೆ. ‘ಎಬ್ಬಿಸಲು ಬರುವ ಪೆನ್‌ಡ್ರೈವ್’ ಎಂದು ಬರೆದು ಹೊಡೆದುಹಾಕಿದ್ದೇನೆ, ಮತ್ತೆ ಬರೆದಿದ್ದೇನೆ.

ರಬಕವಿ-ಬನಹಟ್ಟಿ, ಗುಳೇದಗುಡ್ಡದ ಕಡೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನಿಮ್ಮಲ್ಲಿ ಪವರ್‌ಲೂಮ್ ಬಂದ ಮೇಲೂ ‘ಕೆಚ್ಚು’ ಎಂಬ ಮಾತು ಉಳಿದಿದೆಯೇ, ಅಥವಾ ಆ ಕೆಲಸಕ್ಕೆ ಬೇರೆ ಹೆಸರು ಬಂದಿದೆಯೇ? ಬೆಳಗಾವಿಯ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕುಳಿತು ಕೇಳಿಸಿಕೊಂಡವರು, ಯಂತ್ರ ಹತ್ತಿಯೂ ಏಳದಿದ್ದಾಗ ಗಿರಾಕಿಗಳು ಏನೆಂದು ಹೇಳಿಕೊಳ್ಳುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿ. ಟಿಪ್ಪಣಿಯ ಮೊದಲ ಸಾಲಿನಲ್ಲಿ ಅದನ್ನೇ ಹಾಕಬೇಕೆಂದಿದ್ದೇನೆ.