ಪದಚರ್ಚೆ: ವಂಶವಾಹಿಯ ಅಭಿವ್ಯಕ್ತಿಯನ್ನು ಅಳೆಯುವುದೇ, ಎಣಿಸುವುದೇ, ಹೋಲಿಸುವುದೇ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಸಸ್ಯಗಳಲ್ಲಿ ವಂಶವಾಹಿಗಳ ಅಭಿವ್ಯಕ್ತಿಯನ್ನು ಪತ್ತೆಮಾಡುವ ಪ್ರಯೋಗಾಲಯ ವಿಧಾನಗಳನ್ನು ಹೋಲಿಸಿ, ಇಲ್ಲಿನ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ತೊಗರಿಯವು. ನೆಟೆ ರೋಗ ತಗುಲಿದಾಗ ಬೇರಿನೊಳಗೆ ಯಾವ ವಂಶವಾಹಿ ಚುರುಕಾಗುತ್ತದೆ, ಯಾವುದು ಅಡಗುತ್ತದೆ ಎಂಬುದು ಈ ಜಿಲ್ಲೆಯ ಹುಡುಗ ಹುಡುಗಿಯರ ಪಾಲಿಗೆ ಮನೆಯ ಹೊಲದ ಪ್ರಶ್ನೆ. (ಪುಸ್ತಕಗಳಲ್ಲಿ ‘ಸೊರಗು ರೋಗ’ ಎಂದಿರುತ್ತದೆ. ಇಲ್ಲಿಯ ರೈತರ ಬಾಯಲ್ಲಿ ಅದು ನೆಟೆ. ಕೈಪಿಡಿಯಲ್ಲೂ ನೆಟೆಯನ್ನೇ ಉಳಿಸಿಕೊಂಡಿದ್ದೇನೆ.)

ನನ್ನ ತೊಡಕು ‘ಮಾಪನ’ ಎಂಬ ಪದದ್ದು. ಪಠ್ಯದ ಕನ್ನಡದಲ್ಲಿ ಯಾವ ವಿಧಾನವಾದರೂ ಅದು ‘ಅಭಿವ್ಯಕ್ತಿ ಮಾಪನ’ವೇ. ಆದರೆ ಈ ವಿಧಾನಗಳು ಮಾಡುವ ಕೆಲಸ ಒಂದೇ ಬಗೆಯದಲ್ಲ. ಒಂದು ಹೋಲಿಸುತ್ತದೆ, ಇನ್ನೊಂದು ಹೊಳಪನ್ನು ಅಳೆಯುತ್ತದೆ, ಮತ್ತೊಂದು ಎಣಿಸುತ್ತದೆ. ನಮ್ಮ ಗಂಜ್‌ನಲ್ಲಿ ತೊಗರಿ ಚೀಲಗಳನ್ನು ಎಣಿಸುತ್ತಾರೆ, ಕಾಳನ್ನು ತೂಗುತ್ತಾರೆ. ಎರಡಕ್ಕೂ ಒಂದೇ ಕ್ರಿಯಾಪದ ಹಾಕಿದರೆ ವ್ಯಾಪಾರಿಗೂ ರೈತನಿಗೂ ಲೆಕ್ಕ ಕೂಡುವುದಿಲ್ಲ. ಕನ್ನಡದಲ್ಲಿ ಇಷ್ಟು ಸ್ಪಷ್ಟವಾದ ಕ್ರಿಯಾಪದಗಳಿರುವಾಗ ವಿಜ್ಞಾನ ಬರೆಯುವವರು ಅವನ್ನೆಲ್ಲ ಬಿಟ್ಟು ‘ಮಾಪನ’ ಒಂದಕ್ಕೇ ಜೋತು ಬೀಳುವುದು ನನಗೆ ಸರಿಯೆನಿಸುವುದಿಲ್ಲ.

‘ಅಭಿವ್ಯಕ್ತಿ’ ಎಂಬ ಪದವನ್ನು ನಾನು ಬದಲಿಸುವುದಿಲ್ಲ. ‘ಪ್ರಕಟಣೆ’ ಎಂದರೆ ಪತ್ರಿಕಾ ಪ್ರಕಟಣೆ ನೆನಪಾಗುತ್ತದೆ. ಅಭಿವ್ಯಕ್ತಿ ಈಗಾಗಲೇ ರೂಢಿಯಲ್ಲಿದೆ, ಇರಲಿ. ಆದರೆ ಅದರ ವ್ಯಾಪ್ತಿ ದೊಡ್ಡದು. ವಂಶವಾಹಿಯಿಂದ ಆರ್‌ಎನ್‌ಎ ಪ್ರತಿ ಹುಟ್ಟಿ, ಆ ಪ್ರತಿಯಿಂದ ಪ್ರೋಟೀನ್ ತಯಾರಾಗುವ ತನಕದ ಇಡೀ ನಡೆಯೇ ಅಭಿವ್ಯಕ್ತಿ. ನಾನು ಹೋಲಿಸುತ್ತಿರುವ ವಿಧಾನಗಳು ನೋಡುವುದು ಆರ್‌ಎನ್‌ಎಯನ್ನು ಮಾತ್ರ. ಆರ್‌ಎನ್‌ಎ ಹೆಚ್ಚಿದೆ ಎಂದ ಮಾತ್ರಕ್ಕೆ ಪ್ರೋಟೀನೂ ಅಷ್ಟೇ ಹೆಚ್ಚಿರಬೇಕೆಂದಿಲ್ಲ. ಆದ್ದರಿಂದ ಶೀರ್ಷಿಕೆಯಲ್ಲಿ ‘ಅಭಿವ್ಯಕ್ತಿ’ ಎಂದಿಟ್ಟು, ಫಲಿತಾಂಶ ಹೇಳುವ ವಾಕ್ಯಗಳಲ್ಲೆಲ್ಲ ‘ಆರ್‌ಎನ್‌ಎ ಪ್ರಮಾಣ’ ಎಂದು ಬರೆಯುತ್ತಿದ್ದೇನೆ.

ನಾರ್ದರ್ನ್ ಬ್ಲಾಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ, ಪೊರೆಯ ಮೇಲೆ ಇಳಿಸಿ, ಬೇಕಾದ್ದನ್ನು ಗುರುತಿಸುವ, 1977ರಲ್ಲಿ ಬಂದ ವಿಧಾನ. ಒಂದು ಸಲಕ್ಕೆ ಒಂದೇ ವಂಶವಾಹಿಯನ್ನು ತೋರಿಸುತ್ತದೆ, ಹತ್ತಿಪ್ಪತ್ತು ಮೈಕ್ರೋಗ್ರಾಂ ಆರ್‌ಎನ್‌ಎ ಬೇಡುತ್ತದೆ, ಆದರೆ ಆರ್‌ಎನ್‌ಎ ಎಷ್ಟು ಉದ್ದವಿದೆ ಎಂಬುದನ್ನೂ ತಿಳಿಸುತ್ತದೆ. ಅದನ್ನು ‘ಉತ್ತರ ಒತ್ತಚ್ಚು’ ಎಂದು ಕನ್ನಡಿಸಲು ಮಾತ್ರ ಯಾರೂ ಹೋಗಬಾರದು. 1975ರಲ್ಲಿ ಡಿಎನ್‌ಎಗೆ ಇಂಥದೇ ವಿಧಾನ ರೂಪಿಸಿದವರ ಹೆಸರು ಎಡ್ವಿನ್ ಸದರ್ನ್. ಆರ್‌ಎನ್‌ಎಗೆ ಅದನ್ನು ಅಳವಡಿಸಿದಾಗ ಆ ಹೆಸರಿಗೆ ಜೋಡಿಯಾಗಿ ನಾರ್ದರ್ನ್ ಎಂದು ಕರೆದರು. ದಿಕ್ಕಿಗೂ ವಿಧಾನಕ್ಕೂ ನಂಟಿಲ್ಲ.

ಪದಗಳ ದೃಷ್ಟಿಯಿಂದ ಹೆಚ್ಚು ಚರ್ಚೆ ಬೇಕಿರುವುದು ಕ್ಯೂಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುತ್ತಲೇ ಅದರ ಪ್ರಮಾಣವನ್ನು ನೋಡುವ ವಿಧಾನಕ್ಕೆ. ಕೊರೊನಾ ಕಾಲದಲ್ಲಿ ‘ಆರ್‌ಟಿ-ಪಿಸಿಆರ್’ ಮನೆಮಾತಾಯಿತು. ಆ ‘ಆರ್‌ಟಿ’ ರಿಯಲ್ ಟೈಮ್ ಎಂದು ತಿಳಿದವರೇ ಬಹಳ, ಅದು ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ರೂಪಕ್ಕೆ ತಿರುಗಿಸಿ, ಆಮೇಲೆ ಸುತ್ತು ಸುತ್ತಿಗೆ ಇಮ್ಮಡಿಯಾಗಿಸುತ್ತಾರೆ. ಡಿಎನ್‌ಎ ಹೆಚ್ಚಿದಂತೆ ಹೆಚ್ಚುವ ಬೆಳಕನ್ನು ಯಂತ್ರ ಪ್ರತಿ ಸುತ್ತಿನಲ್ಲೂ ಗಮನಿಸುತ್ತದೆ. ಆ ಬೆಳಕು ಗೊತ್ತುಪಡಿಸಿದ ಮಟ್ಟವನ್ನು ಎಷ್ಟನೆಯ ಸುತ್ತಿನಲ್ಲಿ ದಾಟಿತು ಎಂಬುದೇ ಸಿಟಿ ಮೌಲ್ಯ. ಇದಕ್ಕೆ ‘ಹೊಸ್ತಿಲು ಸುತ್ತು’ ಎಂದು ಬರೆದಿದ್ದೇನೆ. ‘ದೇಹಲೀ ಚಕ್ರ’ ಎಂಬ ಸಲಹೆ ಬಂದಿತ್ತು, ಅದನ್ನು ಓದಿದ ವಿದ್ಯಾರ್ಥಿಗೆ ಏನೂ ಕಾಣುವುದಿಲ್ಲ. ಬೇಗ ಹೊಸ್ತಿಲು ದಾಟಿತು ಎಂದರೆ ಆರಂಭದಲ್ಲೇ ಆರ್‌ಎನ್‌ಎ ಹೆಚ್ಚಿತ್ತು. ಅಂಕಿ ಕಡಿಮೆಯಾದಷ್ಟೂ ಆರ್‌ಎನ್‌ಎ ಹೆಚ್ಚು ಎಂಬ ಈ ತಿರುವುಮುರುವು ‘ದಾಟು’ ಎಂಬ ಕ್ರಿಯಾಪದ ಇದ್ದರೆ ತಾನಾಗಿ ತಿಳಿಯುತ್ತದೆ.

ಉದಾಹರಣೆಗೆ, ನೆಟೆಗೆ ಬೀಳುವ ತಳಿಯ ಬೇರಿನಲ್ಲಿ ನಾವು ಹುಡುಕುವ ವಂಶವಾಹಿ 26ನೆಯ ಸುತ್ತಿಗೆ ಹೊಸ್ತಿಲು ದಾಟಿತು, ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿಯಲ್ಲಿ 24ಕ್ಕೇ ದಾಟಿತು ಎಂದಿಟ್ಟುಕೊಳ್ಳಿ. ಎರಡು ಸುತ್ತುಗಳ ಅಂತರ ಎಂದರೆ ನಾಲ್ಮಡಿ. ಆದರೆ ಎರಡೂ ನಳಿಕೆಗಳಿಗೆ ಸಮಪ್ರಮಾಣದ ಆರ್‌ಎನ್‌ಎ ಬಿದ್ದಿತ್ತೇ? ಅದನ್ನು ತಿಳಿಯಲು ಆಕ್ಟಿನ್‌ನಂಥ ಒಂದು ವಂಶವಾಹಿಯನ್ನು ಜೊತೆಗೆ ಓಡಿಸುತ್ತಾರೆ. ಆಕ್ಟಿನ್ ಮೊದಲನೆಯದರಲ್ಲಿ 19, ಎರಡನೆಯದರಲ್ಲಿ 18 ಬಂದರೆ, ಒಂದು ಸುತ್ತಿನ ಅಂತರ ನಾವು ಹಾಕಿದ ಆರ್‌ಎನ್‌ಎಯದೇ ಆಯಿತು. ಉಳಿಯುವುದು ಒಂದು ಸುತ್ತು, ಅಂದರೆ ಇಮ್ಮಡಿ ಮಾತ್ರ. ಹೀಗಾಗಿ ಕ್ಯೂಪಿಸಿಆರ್‌ನ ಈ ಬಳಕೆಗೆ ‘ಹೋಲಿಸು’ ಎಂಬುದೇ ಸರಿಯಾದ ಕ್ರಿಯಾಪದ ಎಂದು ನನ್ನ ವಾದ.

ಇಲ್ಲಿ ಎರಡು ಪದಗಳನ್ನು ಗಮನಿಸಿ. ಆಕ್ಟಿನ್‌ನಂಥವು ಜೀವಕೋಶದ ನಿತ್ಯದ ಕೆಲಸಕ್ಕೆ ಬೇಕಾದವು. ಅವನ್ನು ‘ಮನೆವಾರ್ತೆಯ ವಂಶವಾಹಿ’ ಎನ್ನಬಹುದು, ಸೊಗಸಾದ ಹಳೆಯ ಪದ. ಆದರೆ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳುವ ವಂಶವಾಹಿ ಬೇರೆಯೇ ವರ್ಗ. ಮನೆವಾರ್ತೆ ನೋಡಿಕೊಳ್ಳುವುದೆಲ್ಲ ಸ್ಥಿರವಾಗಿರುತ್ತದೆಂಬ ಭರವಸೆಯಿಲ್ಲ. ಹಿಂದಿನಿಂದ ಬಳಸುತ್ತ ಬಂದವುಗಳಿಗಿಂತ ಹೆಚ್ಚು ಸ್ಥಿರವಾದ ನೂರಾರು ವಂಶವಾಹಿಗಳಿವೆ ಎಂದು ಅರಬಿಡಾಪ್ಸಿಸ್ ಗಿಡದಲ್ಲಿ 2005ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಹೋಲಿಕೆಗೆ ಇಡುವುದನ್ನು ‘ಆಧಾರ ವಂಶವಾಹಿ’ ಎಂದು ಪ್ರತ್ಯೇಕವಾಗಿ ಕರೆದು, ಪ್ರಯೋಗಕ್ಕೆ ಮುನ್ನ ಅದರ ಸ್ಥಿರತೆಯನ್ನು ಪರೀಕ್ಷಿಸಬೇಕು ಎಂದು ಬರೆದಿದ್ದೇನೆ.

ಇನ್ನು ‘ಪಟ್ಟು’. ‘ಎರಡು ಪಟ್ಟು ಹೆಚ್ಚಾಗಿದೆ’ ಎಂದರೆ ಹತ್ತು ಇದ್ದದ್ದು ಇಪ್ಪತ್ತಾಯಿತೇ, ಮೂವತ್ತಾಯಿತೇ? ಇದನ್ನು ಕೇಳಿದ ಕಡೆಯೆಲ್ಲ ಎರಡೂ ಉತ್ತರಗಳು ಬಂದಿವೆ. ‘ನಾಲ್ಕು ಪಟ್ಟು ಕಡಿಮೆ’ ಇನ್ನೂ ಗೋಜಲು, ಒಂದು ಪಟ್ಟು ಕಳೆದರೇ ಸೊನ್ನೆಯಾಗಬೇಕಲ್ಲ? ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ: ಇಮ್ಮಡಿ, ಮುಮ್ಮಡಿ, ನಾಲ್ಮಡಿ, ಹತ್ತುಮಡಿ. ಇಮ್ಮಡಿ ಎಂದರೆ ಯಾರಿಗೂ ಮೂವತ್ತರ ಅನುಮಾನ ಬರುವುದಿಲ್ಲ. ಇಳಿಕೆಗೆ ‘ಅರ್ಧಕ್ಕೆ ಇಳಿದಿದೆ’, ‘ಕಾಲುಭಾಗಕ್ಕೆ ಇಳಿದಿದೆ’ ಎಂದರೆ ಸಾಕು.

ಮೈಕ್ರೋಅರೇ ಸಸ್ಯವಿಜ್ಞಾನಕ್ಕೆ ಹತ್ತಿರದ ನೆಂಟ. 1995ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಈ ವಿಧಾನವನ್ನು ಮೊದಲು ಪ್ರಕಟಿಸಿದಾಗ ಗಾಜಿನ ಮೇಲೆ ಇಟ್ಟದ್ದು ಅರಬಿಡಾಪ್ಸಿಸ್‌ನ 45 ವಂಶವಾಹಿಗಳನ್ನು. ಗಾಜಿನ ಮೇಲಿನ ಪ್ರತಿ ಚುಕ್ಕಿಯೂ ಒಂದು ವಂಶವಾಹಿ. ಒಂದು ಮಾದರಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ಹಸಿರು. ಎರಡೂ ಸಮವಿದ್ದ ಚುಕ್ಕಿ ಹಳದಿಯಾಗಿ ಕಾಣುತ್ತದೆ. ಇಲ್ಲಿ ಅಳೆಯುವುದು ಹೊಳಪನ್ನು. ಹೊಳಪಿಗೆ ಮೇಲೊಂದು ಮಿತಿ, ಕೆಳಗೊಂದು ಮಿತಿ ಇದೆ. ಗಾಜಿನ ಮೇಲಿಲ್ಲದ ವಂಶವಾಹಿ ಎಷ್ಟೇ ಚುರುಕಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ‘ಸೂಕ್ಷ್ಮವ್ಯೂಹ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ‘ಚುಕ್ಕಿಹಾಸು’ ಎಂಬುದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆರ್‌ಎನ್‌ಎ-ಸೀಕ್ ಬಂದ ಮೇಲೆ ತೊಗರಿಯಂಥ ಬೆಳೆಗೂ ಬಾಗಿಲು ತೆರೆಯಿತು. ಸಿದ್ಧ ಚುಕ್ಕಿಹಾಸು ಬೇಕಿಲ್ಲ. ಎಲ್ಲ ಆರ್‌ಎನ್‌ಎಯನ್ನೂ ತುಣುಕು ಮಾಡಿ, ಒಂದು ಮಾದರಿಗೆ ಎರಡು ಮೂರು ಕೋಟಿ ತುಣುಕುಗಳ ಅಕ್ಷರಸಾಲನ್ನು ಓದಿ, ಯಾವ ತುಣುಕು ಯಾವ ವಂಶವಾಹಿಯದು ಎಂದು ಹೊಂದಿಸುತ್ತಾರೆ. ಹೊಂದಿಸಲು ನಕ್ಷೆಯೂ ಇದೆ. ಹೈದರಾಬಾದ್ ಬಳಿಯ ಪಟಾಂಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದ ತಂಡ ತೊಗರಿಯ ‘ಆಶಾ’ ತಳಿಯ ಜೀನೋಮ್ (ಇಡೀ ಡಿಎನ್‌ಎಯ ಅಕ್ಷರಸಾಲು) ಕರಡನ್ನು 2011ರ ಕೊನೆಯಲ್ಲಿ ಹೊರತಂದಿತು. ಅದರಲ್ಲಿ 48,680 ವಂಶವಾಹಿಗಳನ್ನು ಗುರುತಿಸಿದ್ದರು. ಈ ವಿಧಾನಕ್ಕೆ ‘ಎಣಿಸು’ ಹೊರತು ಬೇರೆ ಪದ ಸಲ್ಲದು. ಆದರೆ ಎಣಿಕೆಯನ್ನು ಹಾಗೆಯೇ ನಂಬುವಂತಿಲ್ಲ. ಉದ್ದನೆಯ ವಂಶವಾಹಿಯಿಂದ ಸಹಜವಾಗಿಯೇ ಹೆಚ್ಚು ತುಣುಕುಗಳು ಬೀಳುತ್ತವೆ, ಹೆಚ್ಚು ಓದಿಸಿದ ಮಾದರಿಯಲ್ಲಿ ಎಲ್ಲವೂ ಹೆಚ್ಚು ಕಾಣುತ್ತದೆ. ಇವೆರಡನ್ನೂ ಸರಿಹೊಂದಿಸಿದ ಮೇಲೆ ಬರುವ ಅಂಕಿಗೆ ‘ಎಣಿಕೆ’ ಎನ್ನಲಾಗದು. ‘ಸರಿತೂಗಿಸಿದ ಎಣಿಕೆ’ ಎನ್ನೋಣವೇ?

ಹಾಗಾದರೆ ಯಾವುದು ಮೇಲು? ಏನು ಹುಡುಕಬೇಕೆಂದು ಗೊತ್ತಿಲ್ಲದಿದ್ದರೆ ಎಣಿಕೆ. ನಾಲ್ಕೈದು ವಂಶವಾಹಿಗಳ ಮೇಲೆ ಈಗಾಗಲೇ ಕಣ್ಣಿದ್ದರೆ ಕ್ಯೂಪಿಸಿಆರ್. ಎಣಿಕೆಯಲ್ಲಿ ಕಂಡದ್ದರಲ್ಲಿ ಕೆಲವನ್ನಾದರೂ ಕ್ಯೂಪಿಸಿಆರ್‌ನಲ್ಲಿ ಮತ್ತೆ ಪರೀಕ್ಷಿಸುವುದು ಒಳ್ಳೆಯ ರೂಢಿ. ಯಾವ ಯಂತ್ರ ಹಿಡಿದರೂ ಮೊದಲ ಗಂಟೆಯ ಕೆಲಸವೇ ಎಲ್ಲಕ್ಕೂ ಬುನಾದಿ. ತೊಗರಿ ಬೇರನ್ನು ಕಿತ್ತ ಕೂಡಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕಬೇಕು, ಪಿಂಗಾಣಿಯ ಪುಟ್ಟ ಒರಳಿನಲ್ಲಿ ಸಾರಜನಕ ಸುರಿಯುತ್ತಲೇ ಹಿಟ್ಟಿನಂತೆ ನುಣ್ಣಗೆ ಅರೆಯಬೇಕು. ಹಿಟ್ಟು ಕರಗಿ ತೇವಗೊಂಡಿತೆಂದರೆ ಬೇರಿನದೇ ಕಿಣ್ವಗಳು ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತವೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹೋಲಿಸು, ಅಳೆ, ಎಣಿಸು ಎಂಬ ವಿಂಗಡಣೆ ಒಪ್ಪಿಗೆಯೇ? ‘ಚುಕ್ಕಿಹಾಸು’ ಓದುಗರಿಗೆ ದಕ್ಕುತ್ತದೆಯೇ, ಅಥವಾ ಮೈಕ್ರೋಅರೇ ಎಂದೇ ಬಿಡಲೇ? ಹೋಲಿಕೆಯಲ್ಲಿ 2.5 ಅಥವಾ 3.7 ಬಂದಾಗ ‘ಮಡಿ’ಯನ್ನು ಹೇಗೆ ಜೋಡಿಸುವುದು? ‘ಎರಡೂವರೆ ಮಡಿ’ ಒಪ್ಪುವಂತಿದೆ, ‘3.7 ಮಡಿ’ ಎಂಬುದಕ್ಕೆ ಮಾತ್ರ ನನ್ನ ಕಿವಿ ಇನ್ನೂ ಒಗ್ಗಿಲ್ಲ. ಬೀದರ್, ಯಾದಗಿರಿ ಕಡೆಯವರಲ್ಲಿ ಇನ್ನೊಂದು ವಿನಂತಿ: ನೆಟೆ ಬಡಿದ ಗಿಡ ಬಾಡತೊಡಗುವ ಮೊದಲ ಹಂತಕ್ಕೂ ಪೂರ್ತಿ ಒಣಗಿದ ಹಂತಕ್ಕೂ ನಿಮ್ಮ ಊರಿನಲ್ಲಿ ಬೇರೆ ಬೇರೆ ಪದಗಳಿದ್ದರೆ ದಯವಿಟ್ಟು ಬರೆಯಿರಿ. ಬೇರನ್ನು ಯಾವ ಹಂತದಲ್ಲಿ ಕಿತ್ತದ್ದು ಎಂದು ಮಾದರಿಯ ಚೀಟಿಯ ಮೇಲೆ ಬರೆಯಲು ಆ ಪದಗಳೇ ಬೇಕಾಗಿವೆ.